ಗ್ಲೈಡರ್‌ಗೆ ಎಷ್ಟು ತೂಕ ಇರಬೇಕು?

ಮಕ್ಕಳೇ, ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಕಣಿವೆಯತ್ತ ನೋಡಿದ್ದೀರಾ? ಗಾಳಿ ಬೀಸುವ ದಿನ ಗರುಡ ಪಕ್ಷಿ ರೆಕ್ಕೆಯನ್ನೇ ಬಡಿಯದೆ ತೇಲುವುದನ್ನು ಇಂಥ ಬೆಟ್ಟದ ಅಂಚುಗಳಲ್ಲಿ ಕಾಣಬಹುದು. ಬೀಸಿ ಬಂದ ಗಾಳಿ ಬೆಟ್ಟಕ್ಕೆ ತಾಗಿ, ಮುಂದೆ ದಾರಿಯಿಲ್ಲದೆ ಮೇಲಕ್ಕೇರುತ್ತದೆ. ಈ ಏರುಗಾಳಿಯೇ ಹಕ್ಕಿಯನ್ನು ಎತ್ತಿ ಹಿಡಿಯುತ್ತದೆ.

ಇದೇ ಏರುಗಾಳಿಯನ್ನು ನಂಬಿ ಹಾರುವ ಮಾದರಿ ವಿಮಾನಗಳೂ ಇವೆ. ಇವುಗಳಿಗೆ ಎಂಜಿನ್ ಇಲ್ಲ. ಇವೇ ಗ್ಲೈಡರ್‌ಗಳು. ನೆಲದ ಮೇಲೆ ನಿಂತವರು ರೇಡಿಯೋ ತರಂಗಗಳ ಮೂಲಕ ಇವುಗಳನ್ನು ತಿರುಗಿಸುತ್ತಾರೆ. 1905ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವು ಇವುಗಳ ಸ್ಪರ್ಧೆಗೆ ನಿಯಮ ರೂಪಿಸಿದೆ. 'ಎಫ್-3-ಎಫ್' ಎಂಬ ಸ್ಪರ್ಧೆಯಲ್ಲಿ ಗ್ಲೈಡರ್ ಇಳಿಜಾರಿನ ಅಂಚಿನಲ್ಲಿ 100 ಮೀಟರ್ ದೂರವನ್ನು ಅತ್ತಿಂದಿತ್ತ 10 ಸಲ ಕ್ರಮಿಸಬೇಕು. ಕಡಿಮೆ ಸಮಯ ತೆಗೆದುಕೊಂಡವರಿಗೆ ಗೆಲುವು.

ತೂಕ ಸೇರಿಸುವುದೇಕೆ?

ಹಾರುವ ವಸ್ತು ಹಗುರವಾಗಿದ್ದಷ್ಟೂ ಒಳ್ಳೆಯದು ಎಂದು ನಮಗೆ ಅನ್ನಿಸುತ್ತದೆ. ಆದರೆ ಗಾಳಿ ಜೋರಾದಾಗ ಸ್ಪರ್ಧಿಗಳು ಗ್ಲೈಡರ್‌ನೊಳಗೆ ಸೀಸ ಅಥವಾ ಹಿತ್ತಾಳೆಯ ತುಂಡುಗಳನ್ನು ತುಂಬುತ್ತಾರೆ! ಏಕೆ ಗೊತ್ತೆ? ಕಾಫಿ ಮೂಟೆ ಹೇರಿದ ಸೈಕಲ್ ಇಳಿಜಾರಿನಲ್ಲಿ ಖಾಲಿ ಸೈಕಲ್‌ಗಿಂತ ಜೋರಾಗಿ ಇಳಿಯುತ್ತದೆ, ಅಲ್ಲವೇ? ಗ್ಲೈಡರ್ ಕೂಡ ಹಾಗೆಯೇ. ತೂಕ ಹೆಚ್ಚಿದಂತೆ ಅದರ ವೇಗ ಹೆಚ್ಚುತ್ತದೆ. ಎದುರುಗಾಳಿ ಅದನ್ನು ಸುಲಭವಾಗಿ ಹಿಂದಕ್ಕೆ ತಳ್ಳಲಾರದು. ಆದರೆ ಗಾಳಿ ಕಡಿಮೆಯಾದರೆ ಭಾರದ ಗ್ಲೈಡರ್ ಬೇಗ ಕೆಳಗಿಳಿಯುತ್ತದೆ.

ಮಿತಿ ಎಷ್ಟು?

ಈ ಸ್ಪರ್ಧೆಯಲ್ಲಿ ಹಾರುವಾಗಿನ ಒಟ್ಟು ತೂಕ 5 ಕೆ.ಜಿ. ಮೀರಬಾರದು. ಇನ್ನೊಂದು ಮಿತಿಯೂ ಇದೆ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕವೇ ಒಂದು ಚದರ ಡೆಸಿಮೀಟರ್. ರೆಕ್ಕೆ ಮತ್ತು ಬಾಲದ ಇಂಥ ಒಂದೊಂದು ಚೌಕಕ್ಕೂ 75 ಗ್ರಾಂಗಿಂತ ಹೆಚ್ಚು ಹೊರೆ ಬೀಳಬಾರದು. ಒಂದು ಗ್ಲೈಡರ್‌ನ ವಿಸ್ತೀರ್ಣ 60 ಚದರ ಡೆಸಿಮೀಟರ್ ಎಂದುಕೊಳ್ಳಿ. 60 × 75 = 4,500 ಗ್ರಾಂ. ಅಂದರೆ ಅದು 4.5 ಕೆ.ಜಿ.ಗೇ ನಿಲ್ಲಬೇಕು.

ಮಿತಿ ಏಕೆ ಬೇಕು?

1,000 ಮೀಟರ್ ದೂರವನ್ನು 36 ಸೆಕೆಂಡಿನಲ್ಲಿ ಹಾರಿದರೆ ವೇಗ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ 5 ಕೆ.ಜಿ. ಗ್ಲೈಡರ್ ಯಾರಿಗಾದರೂ ಬಡಿದರೆ? 5 ಕೆ.ಜಿ.ಯ ಹಲಸಿನ ಹಣ್ಣು ಸುಮಾರು 40 ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು! ತೂಕ ಎರಡರಷ್ಟಾದರೆ ಪೆಟ್ಟಿನ ಶಕ್ತಿಯೂ ಎರಡರಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಮಿತಿಯಿಲ್ಲದಿದ್ದರೆ ಗೆಲ್ಲುವ ಆಸೆಗೆ ಎಲ್ಲರೂ ತೂಕ ಏರಿಸುತ್ತಲೇ ಹೋಗುತ್ತಿದ್ದರು. ಅಪಾಯ ನೋಡಲು ಬಂದವರಿಗೂ ತಪ್ಪುತ್ತಿರಲಿಲ್ಲ. ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿಯೂ ಮಾದರಿ ವಿಮಾನದ ಒಟ್ಟು ತೂಕಕ್ಕೆ 25 ಕೆ.ಜಿ. ಮಿತಿಯಿದೆ. ಅದನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು.

ಮಾಡಿ ನೋಡಿ

ಒಂದೇ ಅಳತೆಯ ಎರಡು ಕಾಗದದ ವಿಮಾನ ಮಾಡಿ. ಒಂದರ ಹೊಟ್ಟೆಯ ನಡುಭಾಗಕ್ಕೆ ಕಾಗದದ ಕ್ಲಿಪ್ ಸಿಕ್ಕಿಸಿ. ಎರಡನ್ನೂ ತರಗತಿಯೊಳಗೆ ಒಮ್ಮೆ, ಮೈದಾನದಲ್ಲಿ ಗಾಳಿಗೆ ಎದುರಾಗಿ ಒಮ್ಮೆ ಹಾರಿಸಿ. ಮುಂದೆ ಯಾರೂ ಇರದಂತೆ ನೋಡಿಕೊಳ್ಳಿ. ಯಾವುದು ಎಲ್ಲಿ ಚೆನ್ನಾಗಿ ಹಾರಿತು? ಬರೆದಿಡಿ.

ಹಕ್ಕಿ ಸೀಸ ತುಂಬಿಕೊಳ್ಳಲಾರದು. ಗಾಳಿ ಜೋರಾದಾಗ ಅದು ರೆಕ್ಕೆಗಳನ್ನು ಸ್ವಲ್ಪ ಮಡಚಿಕೊಳ್ಳುತ್ತದೆ. ತೂಕ ಅಷ್ಟೇ ಇದ್ದರೂ ರೆಕ್ಕೆ ಕಿರಿದಾಗಿ, ಪ್ರತಿ ಚೌಕದ ಮೇಲಿನ ಹೊರೆ ಹೆಚ್ಚುತ್ತದೆ! ಮುಂದಿನ ಸಲ ಬೆಟ್ಟದ ಅಂಚಿನಲ್ಲಿ ಗರುಡ ಕಂಡಾಗ ಅದರ ರೆಕ್ಕೆಗಳನ್ನು ಗಮನಿಸಿ.