‘ಕಗ್ಗಂಟು’: ನಿಷ್ಪತ್ತಿ ಮತ್ತು ಅರ್ಥವಿಸ್ತಾರ

ಮಾತುಕತೆಯಾಗಲಿ ವ್ಯಾಜ್ಯವಾಗಲಿ ಮುಂದೆ ಸಾಗದಂತೆ ನಿಂತುಹೋದ ಸ್ಥಿತಿಯನ್ನು ಕನ್ನಡವು ‘ಕಗ್ಗಂಟು’ ಎಂದು ಕರೆಯುತ್ತದೆ. ‘ಇಕ್ಕಟ್ಟು’, ‘ಬಿಕ್ಕಟ್ಟು’ ಎಂಬ ಪದಗಳು ಇದೇ ಅರ್ಥವಲಯಕ್ಕೆ ಸೇರಿದವಾದರೂ ಇದರ ಪರ್ಯಾಯಪದಗಳಲ್ಲ. ಇಕ್ಕಟ್ಟು ಒಬ್ಬನೇ ವ್ಯಕ್ತಿಗೂ ಒದಗಬಹುದು. ಕಗ್ಗಂಟಿಗೆ ಸಾಮಾನ್ಯವಾಗಿ ಎಳೆಯುವ ಎರಡು ಕೈಗಳು ಬೇಕು.

‘ಕಡು’ ಮತ್ತು ‘ಗಂಟು’ ಎಂಬ ಪದಗಳು ಸಮಾಸಗೊಂಡು ಈ ರೂಪ ಸಿದ್ಧಿಸಿದೆ. ಪೂರ್ವಪದದ ‘ಡು’ ಲೋಪವಾಗಿ ಗಕಾರಕ್ಕೆ ದ್ವಿತ್ವ ಬಂದಿದೆ. ‘ಕಡು’, ‘ಕೊಲೆ’ ಸೇರಿ ‘ಕಗ್ಗೊಲೆ’ ಆದುದು ಇದೇ ಮಾದರಿಯದು. ಕಡುಬಡತನ, ಕಡುಗೋಪ ಮೊದಲಾದೆಡೆ ‘ಕಡು’ ಆಧಿಕ್ಯವನ್ನು ಸೂಚಿಸುವಂತೆ ಇಲ್ಲಿ ಗಂಟಿನ ಬಿಗಿತವನ್ನು ಸೂಚಿಸುತ್ತದೆ.

ಪದದ ಮೂಲ ನಿತ್ಯದ ಕೆಲಸದಲ್ಲಿದೆ. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ರೈತರು ಹೊಗೆಸೊಪ್ಪಿನ ಹಸಿ ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ ಹದಗೊಳಿಸುತ್ತಾರೆ. ಆ ಕಟ್ಟು ಎಲೆಯ ಭಾರವನ್ನು ತಡೆಯಬೇಕು, ಹದಗೊಂಡ ಬಳಿಕ ಸುಲಭವಾಗಿ ಬಿಚ್ಚಿಕೊಳ್ಳಲೂ ಬೇಕು. ಎಳೆದರೆ ಜಾರುವುದು ಜೀರುಗುಣಿಕೆ; ಎಳೆದಷ್ಟೂ ಬಿಗಿಯುವುದು ಕಗ್ಗಂಟು. ಅದನ್ನು ಬಿಡಿಸಬೇಕಾದರೆ ದಾರವನ್ನು ಮೊದಲು ಸಡಿಲಿಸಬೇಕು.

ಲಾಕ್ಷಣಿಕ ಅರ್ಥಕ್ಕೂ ಈ ಗುಣವೇ ಆಧಾರ. ಇದೇ ಸೀಮೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯವೂ ಒಳಗೊಂಡಿರುವ ಕಾವೇರಿ ಜಲವಿವಾದ ಇದಕ್ಕೆ ತಕ್ಕ ನಿದರ್ಶನ. ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರಗಳ ನಡುವೆ 1892 ಮತ್ತು 1924ರಲ್ಲಿ ಒಪ್ಪಂದಗಳಾದವು. ಅನಂತರ ರಾಜ್ಯಗಳ ನಡುವಣ ಮಾತುಕತೆ ಫಲಿಸದೆ 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ಅದರ ಅಂತಿಮ ತೀರ್ಪು ಬಂದುದು 2007ರಲ್ಲಿ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದ ವಾರ್ಷಿಕ ಪ್ರಮಾಣವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ 192ರಿಂದ 177.25 ಟಿಎಂಸಿಗೆ ಇಳಿಸಿತು. ಆದರೂ ಮಳೆ ಕೊರತೆಯಾದ 2023ರಲ್ಲಿ ವಿವಾದ ಮತ್ತೆ ತಲೆಯೆತ್ತಿತು. ನೀರು ಕಡಿಮೆಯಾದಂತೆ ಎರಡೂ ಕಡೆಯ ಎಳೆತ ಹೆಚ್ಚುವುದರಿಂದ ಇಂತಹ ಪ್ರಸಂಗಕ್ಕೆ ‘ಕಗ್ಗಂಟು’ ಎಂಬ ಪದ ಅನ್ವರ್ಥವಾಗುತ್ತದೆ.

ಇಂಗ್ಲಿಷಿನ ‘ಡೆಡ್‌ಲಾಕ್’ ಪದದಲ್ಲಿರುವುದು ಬೀಗದ ಕಲ್ಪನೆ, ಬೀಗವನ್ನು ಒಡೆಯಲೂಬಹುದು. ಕನ್ನಡದಲ್ಲಿ ಒಗಟಿನಂತೆ ಕಗ್ಗಂಟನ್ನೂ ‘ಬಿಡಿಸು’ವುದೇ ವಾಡಿಕೆ. ಗಂಟನ್ನು ಕತ್ತರಿಸಿದರೆ ದಾರವೇ ತುಂಡಾಗುತ್ತದೆ. ಸಂಬಂಧವನ್ನು ಉಳಿಸಿಕೊಂಡೇ ಸಮಸ್ಯೆಯನ್ನು ಪರಿಹರಿಸಬೇಕೆಂಬ ಲೋಕಾನುಭವ ಈ ಪದದಲ್ಲಿ ಅಡಗಿದೆ.