ಎರಡು ಕೈಗಳ ಒಡಂಬಡಿಕೆ

ಪಂಚೆಯ ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಲು ಎರಡು ಕೈ ಬೇಕೆಂಬುದು ಪಾರ್ಶ್ವವಾಯುವಿಗೆ ತುತ್ತಾದವರಿಗೆ ಮಾತ್ರ ನಿಜವಾಗಿ ಗೊತ್ತು. ಬಿದ್ದುಹೋದ ಕೈ ಈಗ ಮೇಲೇಳುತ್ತದೆ, ಬೆರಳುಗಳು ಮಡಚುತ್ತವೆ, ಮನೆಯವರಿಗೆ ಸಮಾಧಾನವಾಗಿದೆ. ಆದರೂ ಪಂಚೆ ಉಡಿಸಲು ಇನ್ನೊಬ್ಬರು ಬರಬೇಕು. ಒಂದು ಕೈಯ ಚೇತರಿಕೆ ಬೇರೆ, ಎರಡರ ಹೊಂದಾಣಿಕೆ ಬೇರೆ.

ಮಿದುಳಿನ ಎಡಭಾಗ ಬಲಗೈಯನ್ನೂ ಬಲಭಾಗ ಎಡಗೈಯನ್ನೂ ಬಹುಮಟ್ಟಿಗೆ ಆಳುತ್ತವೆ. ನಡುವೆ ಕೋಟ್ಯಂತರ ನರತಂತುಗಳ ಸೇತುವೆಯಿದೆ. ಹೀಗಾಗಿ ಕೈಗಳೆರಡೂ ಪೂರ್ತಿ ಸ್ವತಂತ್ರವಲ್ಲ. ಇದನ್ನು ತಾವೇ ಪರೀಕ್ಷಿಸಬಹುದು. ಎರಡೂ ತೋರುಬೆರಳುಗಳನ್ನು ಮುಂದೆ ಚಾಚಿ, ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಆಡಿಸಿ. ವೇಗವನ್ನು ಹೆಚ್ಚಿಸುತ್ತ ಹೋಗಿ. ಒಂದು ಹಂತದಲ್ಲಿ ಅವು ನಮ್ಮ ಅಪ್ಪಣೆಯನ್ನು ಮೀರಿ, ಬಿಂಬ ಪ್ರತಿಬಿಂಬಗಳಂತೆ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಆಡತೊಡಗುತ್ತವೆ. ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು.

ಈ ನಂಟನ್ನು ಚಿಕಿತ್ಸೆಗೆ ಬಳಸಬಾರದೇಕೆ? ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ತುಸು ನಿಷ್ಠುರವಾದದ್ದು. ಸೋತ ಕೈಯನ್ನು ಬಳಸದೆ ಬಿಡುವುದೇ ಅಭ್ಯಾಸವಾಗಿಬಿಡುತ್ತದೆಂದು ಕಂಡುಕೊಂಡ ಎಡ್ವರ್ಡ್ ಟೌಬ್, ಗಟ್ಟಿ ಕೈಯನ್ನೇ ನಿರ್ಬಂಧಿಸುವ ಕ್ರಮವನ್ನು ರೂಪಿಸಿದರು. ಅಮೆರಿಕದಲ್ಲಿ 222 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎರಡು ವಾರಗಳ ಈ ಕ್ರಮ ಫಲ ಕೊಟ್ಟಿತು. ಆದರೆ ಮಣಿಕಟ್ಟು, ಬೆರಳುಗಳಲ್ಲಿ ಒಂದಿಷ್ಟಾದರೂ ಚಲನೆ ಉಳಿದವರಿಗಷ್ಟೇ ಅದು ಹೊಂದುತ್ತದೆ.

ಇನ್ನೊಂದು, ಲಯದ ದಾರಿ. ತಾಳದ ಸದ್ದಿಗೆ ಸರಿಯಾಗಿ ಎರಡೂ ಕೈಗಳಿಂದ ಹಿಡಿಗಳನ್ನು ಮುಂದೆ ತಳ್ಳುವುದು, ಹಿಂದೆ ಎಳೆಯುವುದು. ಜಿಲ್ ವಿಟಾಲ್ ಮತ್ತು ಸಂಗಡಿಗರು ಇದನ್ನು 2000ದಲ್ಲಿ ವರದಿ ಮಾಡಿದರು. ಅವರೇ 2011ರಲ್ಲಿ ಹೋಲಿಸಿ ನೋಡಿದಾಗ, ಅಷ್ಟೇ ಹೊತ್ತಿನ ಬೇರೆ ವ್ಯಾಯಾಮಕ್ಕಿಂತ ಕೈಯ ಚಲನೆಯಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಬದುಕಿನಲ್ಲಿ ಎರಡೂ ಕೈಗಳು ಒಂದೇ ಕೆಲಸ ಮಾಡುವುದು ಎಷ್ಟು ಹೊತ್ತು? ಚಪ್ಪಾಳೆ, ನಮಸ್ಕಾರ ಬಿಟ್ಟರೆ ಹೆಚ್ಚಿನದೆಲ್ಲ ಪಾಲುಗಾರಿಕೆಯೇ. ಹೂ ಕಟ್ಟುವಾಗ ಒಂದು ಕೈ ಹಿಡಿದಿರುತ್ತದೆ, ಇನ್ನೊಂದು ದಾರ ಸುತ್ತುತ್ತದೆ. ಬರೆಯುವಾಗಲೂ ಎಡಗೈ ಕಾಗದವನ್ನು ಮೆಲ್ಲನೆ ಸರಿಸುತ್ತಿರುತ್ತದೆಂಬುದನ್ನು ಫ್ರಾನ್ಸಿನ ಈವ್ ಗಿಯಾರ್ 1987ರಲ್ಲಿ ಎತ್ತಿ ತೋರಿಸಿದರು.

ಆದ್ದರಿಂದ ಸೋತ ಕೈಗೆ ಮೊದಲು ಹಿಡಿಯುವವನ ಪಾತ್ರ ಕೊಡಬಹುದು: ಕಾಗದ ಒತ್ತಿಹಿಡಿಯಲಿ, ಡಬ್ಬಿಯನ್ನು ಎದೆಗವಚಿಕೊಳ್ಳಲಿ, ಮುಚ್ಚಳವನ್ನು ಇನ್ನೊಂದು ಕೈ ತಿರುಗಿಸಲಿ. ಹಿಡಿದದ್ದನ್ನು ಬಿಡುವುದೇ ಅನೇಕರಿಗೆ ಹಿಡಿಯುವುದಕ್ಕಿಂತ ಕಷ್ಟ. ಪ್ರೀತಿಯಿಂದಲೇ ಆದರೂ, ಮನೆಯವರು ಆಗ ಧಾವಿಸಿ ಬಂದು ಬೆರಳು ಬಿಡಿಸಬಾರದು.