ಎರಡು ನಿಮಿಷದ ಶರಾವತಿ

ರೈಲಿನ ಕಿಟಕಿಯಿಂದ ಫೋಟೋ ತೆಗೆಯುವ ಚಟ ನಿಮಗೂ ಇದೆಯೇ? ಇದ್ದರೆ ಬನ್ನಿ, ಕೈ ಕುಲುಕೋಣ. ಇಲ್ಲವೆಂದರೆ ನಿಮ್ಮ ಮನೆಯವರು ಪುಣ್ಯವಂತರು. ನಮ್ಮ ಮನೆಯಲ್ಲಂತೂ ಊರಿಗೆ ಹೊರಡುವ ದಿನದ ಮೊದಲ ಜಗಳವೇ ಕಿಟಕಿ ಪಕ್ಕದ ಸೀಟಿನದು.

ಮುಂಬಯಿಯಲ್ಲಿರುವ ನಮ್ಮಂಥ ಕರಾವಳಿಯವರಿಗೆ ಕೊಂಕಣ ರೈಲು ಎಂದರೆ ಅರ್ಧ ತವರುಮನೆ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ದಾರಿ; ಎರಡು ಸಾವಿರದಷ್ಟು ಸೇತುವೆಗಳು, 91 ಸುರಂಗಗಳು. ಇದನ್ನೇ ಛಾಯಾಗ್ರಾಹಕನ ಲೆಕ್ಕದಲ್ಲಿ ಹೇಳಬೇಕೆಂದರೆ 91 ಸಲ ಕ್ಯಾಮರಾ ಎತ್ತುವುದು, 91 ಸಲ ಕತ್ತಲೆಯ ಫೋಟೋ ತೆಗೆಯುವುದು! ರತ್ನಾಗಿರಿಯ ಈಚೆ ಸಿಗುವ ಕರಬುಡೆ ಸುರಂಗವೊಂದೇ ಆರೂವರೆ ಕಿ.ಮೀ. ಉದ್ದ. ಅಷ್ಟರಲ್ಲಿ ನಿಧಾನವಾಗಿ ಒಂದು ಚಹಾ ಮುಗಿಸಬಹುದು.

ಇನ್ನೊಂದು ತಮಾಷೆ ನೋಡಿ. ಮಧ್ಯಾಹ್ನ ಕುರ್ಲಾದಿಂದ ಹೊರಟರೆ ಚಿಪ್ಳೂಣದ ಆಸುಪಾಸಿನಲ್ಲೇ ಕತ್ತಲಾಗುತ್ತದೆ. ನಮ್ಮ ಕಾರವಾರ, ಅಂಕೋಲೆ, ಕುಮಟೆಗಳೆಲ್ಲ ನಾವು ಗೊರಕೆ ಹೊಡೆಯುವಾಗ ದಾಟಿಹೋಗುತ್ತವೆ. ಆದ್ದರಿಂದ ಊರಿನ ಚಿತ್ರ ಬೇಕಿದ್ದವರು ಮರಳಿ ಬರುವಾಗಲೇ ತೆಗೆಯಬೇಕು. ಮಧ್ಯಾಹ್ನ ಮಂಗಳೂರು ಬಿಟ್ಟರೆ ಹೊನ್ನಾವರಕ್ಕೆ ಬರುವಾಗ ಇಳಿಬಿಸಿಲು. ಬಲಗಡೆ ಕುಳಿತರೆ ಸೂರ್ಯ ನಿಮ್ಮ ಬೆನ್ನಿಗೆ. ಘಟ್ಟದ ಸಾಲು ಬಂಗಾರದ ನೀರು ಮಿಂದಂತೆ ಕಾಣುತ್ತದೆ. ಎಡಗಡೆ ಕುಳಿತರೆ ಸೂರ್ಯ ನೇರ ಲೆನ್ಸಿನೊಳಗೆ. ತೆಂಗಿನ ಮರಗಳೆಲ್ಲ ಕಪ್ಪು ಕಪ್ಪು. ಬುದ್ಧಿವಂತರು ಬಲಗಡೆ ಕೂರುತ್ತಾರೆ.

ನಾನು ಕುಳಿತದ್ದು ಎಡಗಡೆ. ಅದಕ್ಕೆ ಕಾರಣವಿತ್ತು.

1998ರ ಜನವರಿ 26ರಂದು ಈ ಮಾರ್ಗ ಪೂರ್ತಿಯಾಗಿ ದೇಶಕ್ಕೆ ಸಮರ್ಪಣೆಯಾಯಿತು. ಆಗ ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಡೊಂಬಿವಲಿಯ ಮೂರನೆಯ ಮಹಡಿಯ ಮೆಟ್ಟಿಲನ್ನೇ ಇಳಿಯಲಾರದ ಮಂಡಿನೋವು. ಅವರ ಹುಟ್ಟೂರು ಶರಾವತಿಯ ತೆಂಕಣ ದಡದ ಕಾಸರಕೋಡು. ಸೇತುವೆಯಿಲ್ಲದ ಕಾಲದಲ್ಲಿ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರದ ಶಾಲೆಗೆ ಹೋದವರು. ಅದೇ ಹೊಳೆಯ ಮೇಲೆ ರೈಲು ಓಡುತ್ತದೆಂದರೆ ಅವರಿಗೆ ನಂಬಿಕೆಯೇ ಬಾರದು. ಆ ದೀಪಾವಳಿಗೆ ನಾವು ಊರಿಗೆ ಹೊರಟಾಗ ಕೇಳಿದ್ದು ಒಂದೇ: “ತಮಾ, ಸೇತುವೆ ಮೇಲಿಂದ ನಮ್ಮ ಬದಿಯದೊಂದು ಫೋಟೋ ತೆಗೆದುಕೊಂಡು ಬಾ.”

ಶರಾವತಿ ಸೇತುವೆ ಎರಡು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, 2065 ಮೀಟರು. ಕೊಂಕಣ ರೈಲಿನಲ್ಲಿ ಅದಕ್ಕಿಂತ ಉದ್ದದ ಸೇತುವೆಯಿಲ್ಲ. ಗಂಟೆಗೆ ಅರವತ್ತರ ವೇಗದಲ್ಲಿ ಎರಡು ನಿಮಿಷದ ದಾರಿ. ನನ್ನದು ಲಿವರ್ ಎಳೆಯುವ ಹಳೇ ಕ್ಯಾಮರಾ, ಮೂವತ್ತಾರರ ಹೊಸ ರೋಲು. ಮೂರು ಸೆಕೆಂಡಿಗೊಂದರಂತೆ ಎಳೆದೆ, ಒತ್ತಿದೆ, ಎಳೆದೆ, ಒತ್ತಿದೆ. ಎದುರು ಸೀಟಿನ ಸದ್ಗೃಹಸ್ಥರು ಕೈಲಿದ್ದ ಕೋಡುಬಳೆ ಮರೆತು ನನ್ನನ್ನೇ ನೋಡುತ್ತಿದ್ದರು. ಮೂವತ್ತಾರು ಮುಗಿಯಿತು, ಮೂವತ್ತೆಂಟೂ ಬಂತು, ನಲವತ್ತೂ ಬಂತು! ಕೊಡಾಕ್‌ನವರು ದೀಪಾವಳಿಗೆ ನಾಲ್ಕು ಹೆಚ್ಚಿಗೆ ಕೊಟ್ಟರೆಂದು ಹಿಗ್ಗಿದೆ.

ಫಿಲ್ಮ್ ಹಾಕಿದವರಿಗೆ ಈಗಾಗಲೇ ಅರ್ಥವಾಗಿರಬೇಕು. ಫಿಲ್ಮಿನ ತುದಿ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಬ್ಬಿಯೂ ತಿರುಗಬೇಕು; ಅದನ್ನು ನೋಡುವ ವ್ಯವಧಾನ ಯಾರಿಗಿತ್ತು! ಸ್ಟುಡಿಯೋದವರು ತೊಳೆದ ರೋಲನ್ನು ಬೆಳಕಿಗೆ ಹಿಡಿದು ತೋರಿಸಿದರು. ತುದಿಯಿಂದ ತುದಿಗೆ ಒಂದೇ ಕಿತ್ತಳೆ ಬಣ್ಣ.

ಅಪ್ಪ ಬೈಯಲಿಲ್ಲ. “ಹೋಗಲಿ, ಬಾಯಲ್ಲೇ ಹೇಳು. ನೀರು ಭರತದಲ್ಲಿತ್ತೋ, ಇಳಿತದಲ್ಲಿತ್ತೋ?” ಎಂದರು.

ನನಗೆ ಗೊತ್ತಿರಲಿಲ್ಲ. ದೋಣಿ ಇದ್ದವೋ? ಗೊತ್ತಿಲ್ಲ. ನೀರಿನ ಬಣ್ಣ? ಎರಡು ನಿಮಿಷವೂ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಬೆರಳಗಲದ ತೂತಿಗೆ ಹಚ್ಚಿ ಕುಳಿತವನಿಗೆ ನೆನಪಾಗಿದ್ದು ಶಟರ್ ಸ್ಪೀಡು ಮಾತ್ರ: ಸೆಕೆಂಡಿನ ಐನೂರನೆಯ ಒಂದು ಭಾಗ. ಅಪ್ಪ ಸ್ವಲ್ಪ ಹೊತ್ತು ಕಾದು, ಪೇಪರು ಬಿಡಿಸಿಕೊಂಡರು.

ಅಂದಹಾಗೆ ಆ ಐನೂರರ ಲೆಕ್ಕ ಮೊಬೈಲಿನ ಈ ಕಾಲದಲ್ಲೂ ಸುಳ್ಳಲ್ಲ. ಹತ್ತಿರದ ಮರ ಓಡುತ್ತದೆ, ದೂರದ ಗುಡ್ಡ ನಿಲ್ಲುತ್ತದೆ. ನೀವು ದೂರಕ್ಕೇ ಗುರಿಯಿಡಿ. ಮೊಣಕೈಯನ್ನು ಕಿಟಕಿಯ ಕಟ್ಟೆಗೆ ಊರಬೇಡಿ, ರೈಲಿನ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ. ಎ.ಸಿ. ಡಬ್ಬಿಯಾದರೆ ಲೆನ್ಸನ್ನು ಗಾಜಿಗೆ ತೀರ ಹತ್ತಿರ ತಂದು ಸುತ್ತ ಕಪ್ಪು ಶಾಲು ಮರೆಮಾಡಿ. ಇಲ್ಲದಿದ್ದರೆ ಸಹ್ಯಾದ್ರಿಯ ನೆತ್ತಿಯ ಮೇಲೆ ನಿಮ್ಮದೇ ಮುಖ, ಅದರ ಮೇಲೊಂದು ಟ್ಯೂಬ್‌ಲೈಟು! ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ. ಯಾವ ಹೊಳೆಯ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ.

ಮರುವರ್ಷ ಅದೇ ದಾರಿ, ಅದೇ ಎಡಗಡೆ. ಈ ಸಲ ಕ್ಯಾಮರಾವನ್ನು ಹೆಂಡತಿಯ ಕೈಗೆ ಕೊಟ್ಟು ನಾನು ಸುಮ್ಮನೆ ನೋಡಿದೆ. ನೀರು ಇಳಿದಿತ್ತು. ಕೆಸರಿನ ದಂಡೆಯಲ್ಲಿ ಹತ್ತಿಪ್ಪತ್ತು ಬೆಳ್ಳಕ್ಕಿ. ಒಂದು ದೋಣಿ ಓರೆಯಾಗಿ ಕೆಸರಿನಲ್ಲೇ ಕೂತಿತ್ತು; ಅದರ ನೆರಳಿನಲ್ಲಿ ಒಬ್ಬ ಬಲೆ ಕೊಡವುತ್ತಿದ್ದ. ಎರಡು ನಿಮಿಷ ಅಷ್ಟು ಉದ್ದ ಇರುತ್ತದೆಂದು ತಿಳಿದಿರಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಅಪ್ಪ ಎರಡೆರಡು ಸಲ ಕೇಳಿಸಿಕೊಂಡರು. ದೋಣಿ ಓರೆಯಾಗಿ ಕೂತದ್ದು ಯಾವ ಬದಿಗೆ ಎಂದೂ ವಿಚಾರಿಸಿದರು. ಆಮೇಲೆ ಫೋಟೋ ಬಂತು. ಹೆಂಡತಿ ತೆಗೆದದ್ದು ಒಂದೇ; ಅದರಲ್ಲೊಂದು ಕಿಟಕಿಯ ಸರಳು, ಅರ್ಧ ಹೊಳೆ, ಕಾಸರಕೋಡು ಇರಬೇಕಾದ ಜಾಗದಲ್ಲಿ ಸರಿಯಾಗಿ ಅವಳ ಬೆರಳು. ಅವಳು ನಾಚಿಕೊಂಡು, “ಮಾವಾ, ಹಾಳಾಯಿತು” ಎಂದಳು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹಿಡಿದು ನೋಡಿದರು. “ಇರಲಿ ಬಿಡೇ. ಬೆರಳಿನ ಹಿಂದೆ ಊರು ಇದೆಯಲ್ಲ.”